ಮಿಡಿ ಕೇಬಲ್ ಹಾಕಿದರೂ ತಾಳ ಕೂಡುತ್ತಿಲ್ಲವೇ? ಬೋರ್ಡ್ ಬದಲಿಸುವ ಮೊದಲು ಇದನ್ನು ಓದಿ

ಜಾತ್ರೆಯ ಸೀಜನ್ ಶುರುವಾದರೆ ಆರ್ಕೆಸ್ಟ್ರಾ ಕಲಾವಿದರ ವಾಟ್ಸಾಪ್ ಗುಂಪುಗಳಿಗೂ ಬಿಡುವಿರುವುದಿಲ್ಲ. ಅಲ್ಲಿಂದ ನನಗೊಂದು ಫಾರ್ವರ್ಡ್ ಬಂತು: "ಕೀಬೋರ್ಡ್‌ಗೂ ರಿದಮ್ ಪ್ಯಾಡ್‌ಗೂ ಕೇಬಲ್ ಹಾಕಿದ ಮೇಲೂ ತಾಳ ಕೂಡದಿದ್ದರೆ ಬೋರ್ಡ್ ಹೋಗಿದೆ ಎಂದರ್ಥ. ಉದ್ದ ವೈರ್ ಹಾಕಿದರೆ ತಾಳ ಹಿಂದೆ ಬೀಳುತ್ತದೆ. ಎಲ್ಲರಿಗೂ ಕಳಿಸಿ."

ಕಳಿಸಿದವನು ಇಳಕಲ್ಲಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ. ರಸಮಂಜರಿ ತಂಡವೊಂದರಲ್ಲಿ ಪ್ಯಾಡ್ ನುಡಿಸುತ್ತಾನೆ. ಬೋರ್ಡ್ ಬದಲಿಸಲು ರಿಪೇರಿಯವರು 9,000 ರೂಪಾಯಿ ಹೇಳಿದ್ದರು. ಬಾದಾಮಿ ಬನಶಂಕರಿ ಜಾತ್ರೆಯ ಕಾರ್ಯಕ್ರಮಕ್ಕೆ ನಾಲ್ಕೇ ದಿನ ಉಳಿದಿತ್ತು. "ಅಕ್ಕಾ, ನೀ ಇಂಥಾವ ಬರಿತೀಯಲ್ಲ, ಇದು ಖರೇ ಏನು ನೋಡಿ ಹೇಳು" ಎಂದ.

ಖರೆ ಅಲ್ಲ. ಬೋರ್ಡ್ ಕೆಡುವುದೇ ಇಲ್ಲವೆಂದಲ್ಲ, ಆದರೆ ತಾಳ ತಪ್ಪಿದಾಗ ಮೊದಲು ನೋಡಬೇಕಾದ ಜಾಗ ಅದಲ್ಲ.

ಕೇಬಲ್‌ನಲ್ಲಿ ಹರಿಯುವುದೇನು?

ಮಿಡಿ ಎಂದರೆ ಬೇರೆ ಬೇರೆ ಕಂಪನಿಗಳ ವಾದ್ಯಗಳು ಮಾತಾಡಿಕೊಳ್ಳುವ ಭಾಷೆ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಪ್ರದರ್ಶನದಲ್ಲಿ ಎರಡು ಕಂಪನಿಗಳ ಸಿಂಥಸೈಜರ್‌ಗಳನ್ನು ಹೀಗೆ ಜೋಡಿಸಿ ತೋರಿಸಿದ್ದರು. ಮಿಡಿ ಕೇಬಲ್‌ನಲ್ಲಿ ಸದ್ದು ಹೋಗುವುದಿಲ್ಲ, ಸೂಚನೆಗಳು ಮಾತ್ರ ಹೋಗುತ್ತವೆ. ಸ್ಪೀಕರ್‌ಗೆ ಹಾಕುವ ಆಡಿಯೋ ಕೇಬಲ್ ಜೋಡಿಸಿ ತಾಳ ಕೂಡಲಿ ಎಂದು ಕಾಯುವವರನ್ನು ನಾನೇ ನೋಡಿದ್ದೇನೆ. ಅದರಲ್ಲಿ ಸದ್ದು ಮಾತ್ರ ಇರುತ್ತದೆ, ಸೂಚನೆ ಇರುವುದಿಲ್ಲ.

ತಾಳಕ್ಕೆ ಸಂಬಂಧಿಸಿದ ಸೂಚನೆಗೆ ಕ್ಲಾಕ್ ಎಂದು ಹೆಸರು. ಒಂದು ಬೀಟ್‌ಗೆ 24 ಸಲ 'ಟಿಕ್' ಎನ್ನುವುದಷ್ಟೇ ಅದರ ಕೆಲಸ. ವೇಗ 120 ಇದ್ದರೆ ಸೆಕೆಂಡಿಗೆ 48 ಟಿಕ್. ಎದುರಿನ ಯಂತ್ರ ಆ ಟಿಕ್‌ಗಳ ನಡುವಿನ ಅಂತರ ನೋಡಿ ವೇಗ ಕಂಡುಕೊಳ್ಳುತ್ತದೆ. ಹಾಡು ಎಲ್ಲಿಂದ ಶುರು ಎಂಬುದನ್ನು ಟಿಕ್ ಹೇಳುವುದಿಲ್ಲ. ಅದಕ್ಕೆ ಸ್ಟಾರ್ಟ್, ಸ್ಟಾಪ್, ಕಂಟಿನ್ಯೂ ಎಂಬ ಬೇರೆ ಸೂಚನೆಗಳಿವೆ. ವೇಗ ಸರಿಯಾಗಿದ್ದು ಪ್ಯಾಡ್ ಸುಮ್ಮನೆ ಕೂತಿದ್ದರೆ ಅದಕ್ಕೆ ಸ್ಟಾರ್ಟ್ ತಲುಪಿಲ್ಲ ಎಂದುಕೊಳ್ಳಿ. ಎರಡನ್ನೂ ನಿಲ್ಲಿಸಿ, ಟಿಕ್ ಕಳಿಸುವ ಯಂತ್ರದಲ್ಲಿ ಮಾತ್ರ ಸ್ಟಾರ್ಟ್ ಒತ್ತಿ.

ತಾಳ ಹಿಡಿಯುವವರು ಒಬ್ಬರೇ ಇರಬೇಕು

ಭಜನೆಯಲ್ಲಿ ಇಬ್ಬರು ತಮ್ಮ ತಮ್ಮ ಲೆಕ್ಕಕ್ಕೆ ತಾಳ ಹಾಕಿದರೆ ಏನಾಗುತ್ತದೆ ಗೊತ್ತಲ್ಲ. ಎರಡೂ ಯಂತ್ರಗಳ ಕ್ಲಾಕ್ 'ಇಂಟರ್ನಲ್' ಮೇಲಿದ್ದರೆ ಇಲ್ಲೂ ಅದೇ ಆಗುತ್ತದೆ. ಎರಡರ ಪರದೆಯಲ್ಲೂ 120 ಎಂದೇ ಕಾಣಬಹುದು. ಆದರೆ ಒಂದರ ಒಳಗಿನ ವೇಗ 120.4 ಇದ್ದರೆ ಐದು ನಿಮಿಷದ ಹಾಡು ಮುಗಿಯುವಾಗ ಎರಡು ಪೂರ್ತಿ ಬೀಟ್ ವ್ಯತ್ಯಾಸ ಬಂದಿರುತ್ತದೆ. ಎರಡೂ 'ಎಕ್ಸ್‌ಟರ್ನಲ್' ಮೇಲಿದ್ದರೆ ಒಂದಕ್ಕೊಂದು ಕಾಯುತ್ತ ಯಾವುದೂ ಶುರುವಾಗುವುದಿಲ್ಲ.

ತಮ್ಮನಿಗೆ ಫೋನಿನಲ್ಲೇ ಪ್ಯಾಡಿನ ಮೆನು ಓದಿಸಿದೆ. ಇಂಟರ್ನಲ್ ಇತ್ತು. ಎಕ್ಸ್‌ಟರ್ನಲ್ ಮಾಡಿಸಿದೆ. "ಅಕ್ಕಾ, ಈಗಂತೂ ಪೂರಾ ಸತ್ತಹೋತು!" ಎಂದು ಚೀರಿದ. ಸತ್ತಿರಲಿಲ್ಲ. ಕೀಬೋರ್ಡ್‌ನಲ್ಲಿ ಕ್ಲಾಕ್ ಕಳಿಸುವ ಆಯ್ಕೆ ಆಫ್ ಆಗಿತ್ತು, ಪ್ಯಾಡ್ ಬಾರದ ಟಿಕ್‌ಗಾಗಿ ಕಾಯುತ್ತಿತ್ತು. ಅದನ್ನು ಆನ್ ಮಾಡಿದ ಮೇಲೆ ಎರಡೂ ಕೂಡಿದವು. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನಿಮ್ಮದು ಇಷ್ಟಕ್ಕೆ ಸರಿಹೋಗದಿದ್ದರೆ ಕೈಪಿಡಿಯ ಕೊನೆಯ ಪುಟಗಳಲ್ಲಿ ಮಿಡಿ ಚಾರ್ಟ್ ಹುಡುಕಿ. 'ಕ್ಲಾಕ್' ಸಾಲಿನಲ್ಲಿ ಸೊನ್ನೆಯಂಥ ಗುರುತಿದ್ದರೆ ಆ ಯಂತ್ರಕ್ಕೆ ಕ್ಲಾಕ್ ಗೊತ್ತು, ಗುಣಾಕಾರದ ಗುರುತಿದ್ದರೆ ಗೊತ್ತಿಲ್ಲ. ಗೊತ್ತಿಲ್ಲದ ಯಂತ್ರಕ್ಕೆ ಯಾವ ಕೇಬಲ್ ತಂದರೂ ಉಪಯೋಗವಿಲ್ಲ. ತಾಳ ಒಮ್ಮೆಲೇ ಇಮ್ಮಡಿ ಓಡುತ್ತಿದ್ದರೆ ಯುಎಸ್‌ಬಿಯಿಂದಲೂ ದುಂಡನೆಯ ಐದು ಪಿನ್ನಿನ ಕೇಬಲ್‌ನಿಂದಲೂ ಟಿಕ್ ಬರುತ್ತಿರಬಹುದು, ಒಂದನ್ನು ತೆಗೆಯಿರಿ. ಈಗಿನ ಹಲವು ಕೀಬೋರ್ಡ್‌ಗಳಲ್ಲಿ ಐದು ಪಿನ್ನಿನ ತೂತೇ ಇಲ್ಲ, ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಮಾತ್ರ ಇದೆ. ಅಂಥ ಎರಡನ್ನು ನೇರವಾಗಿ ಜೋಡಿಸಿದರೆ ಕೆಲಸ ಮಾಡುವುದಿಲ್ಲ. ನಡುವೆ ಲ್ಯಾಪ್‌ಟಾಪ್ ಅಥವಾ ಯುಎಸ್‌ಬಿ ಹೋಸ್ಟ್ ಡಬ್ಬಿ ಬೇಕು. ಲೂಪನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುತ್ತ ನುಡಿಸಬೇಡಿ, ಅದರ ಸದ್ದೇ ಸಾಮಾನ್ಯವಾಗಿ 0.1 ಸೆಕೆಂಡಿಗಿಂತ ಹೆಚ್ಚು ತಡವಾಗಿ ಬರುತ್ತದೆ.

ಉದ್ದ ವೈರ್‌ನ ಕಥೆ

ವೈರಿನಲ್ಲಿ ಸಂಕೇತ ಹೋಗುವ ವೇಗ ಎಷ್ಟೆಂದರೆ ವೇದಿಕೆಯ ಮೇಲಿನ ಉದ್ದಕ್ಕೆ ತಡವೇ ತಿಳಿಯುವುದಿಲ್ಲ. ಮಿಡಿ ಕೇಬಲ್ 15 ಮೀಟರ್ ದಾಟಬಾರದು ಎನ್ನುವುದು ಸಂಕೇತ ದುರ್ಬಲವಾಗುತ್ತದೆ ಎಂಬ ಕಾರಣಕ್ಕೆ.

ಆದರೂ ಬನಶಂಕರಿಯಲ್ಲಿ ಕಾರ್ಯಕ್ರಮದ ರಾತ್ರಿ ಹಿಂದೆ ನಿಂತಿದ್ದ ಗೆಳೆಯನೊಬ್ಬ ಫೋನ್ ಮಾಡಿ "ಇಲ್ಲಿ ಎರಡೆರಡು ತಾಳ ಕೇಳಾಕತ್ತಾವ" ಎಂದನಂತೆ. ತಮ್ಮ ಗಾಬರಿಯಾಗಿ ನನಗೆ ಮೆಸೇಜ್ ಹಾಕಿದ. ಗೆಳೆಯ ನಿಂತಿದ್ದದ್ದು ವೇದಿಕೆಯಿಂದ ಸುಮಾರು 100 ಮೀಟರ್ ದೂರದ ಕಂಬದ ಕೆಳಗೆ, ಮೇಲೆ ಹಾರ್ನ್ ಇತ್ತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೈರಿನಲ್ಲಿ ಬಂದ ತಾಳ ಕಂಬದ ಹಾರ್ನ್‌ನಿಂದ ತಕ್ಷಣ ಕೇಳಿಸಿತು, ವೇದಿಕೆಯ ಸ್ಪೀಕರಿನದು ಗಾಳಿಯಲ್ಲಿ ನಡೆದು ಸುಮಾರು 0.3 ಸೆಕೆಂಡ್ ತಡವಾಗಿ ಬಂತು. ಪ್ಯಾಡಿಗೂ ಇದಕ್ಕೂ ಸಂಬಂಧವಿಲ್ಲ. ದೂರದ ಹಾರ್ನ್‌ಗಳಿಗೆ ಹೋಗುವ ಸದ್ದನ್ನು ಅಷ್ಟೇ ಹೊತ್ತು ತಡೆದು ಬಿಡುವ 'ಡಿಲೇ' ಈಗಿನ ಹಲವು ಡಿಜಿಟಲ್ ಮಿಕ್ಸರ್‌ಗಳಲ್ಲಿದೆ, ಅದನ್ನು ಇಡಬೇಕಾದವರು ಮೈಕ್ ಸೆಟ್‌ನವರು.