ಚಿರತೆಯ ಚುಕ್ಕಿ ಲೆಕ್ಕ

ತುಮಕೂರಿನ ಪಕ್ಕದ ದೇವರಾಯನದುರ್ಗದ ಗುಡ್ಡಗಳಲ್ಲಿ ಚಿರತೆ ಇದೆ ಅಂತ ಊರವರಿಗೆಲ್ಲ ಗೊತ್ತು. ಎಷ್ಟಿವೆ? ಕಂಡವರ ಬಾಯಲ್ಲಿ ಒಂದೇ ಚಿರತೆ ನಾಲ್ಕಾಗುತ್ತೆ!

ಲೆಕ್ಕ ಸರಿಯಾಗಬೇಕಾದರೆ ಚುಕ್ಕಿ ನೋಡಬೇಕು. ನಮ್ಮ ಬೆರಳಚ್ಚಿನ ಹಾಗೆ, ಒಂದು ಚಿರತೆಯ ಚುಕ್ಕಿ ಇನ್ನೊಂದಕ್ಕಿಲ್ಲ. ಎಡಮೈಯದೇ ಬೇರೆ, ಬಲಮೈಯದೇ ಬೇರೆ. ಅದಕ್ಕೇ ಕಾಲುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಟ್ರ್ಯಾಪ್ ಕಟ್ಟುತ್ತಾರೆ. ಪ್ರಾಣಿ ಹಾದರೆ ತಾನಾಗಿ ಕ್ಲಿಕ್. ಅದೇ ಚಿರತೆ ಎಷ್ಟು ಸಲ ಮತ್ತೆ ಸಿಕ್ಕಿತು ಅನ್ನೋದರಿಂದ, ಕ್ಯಾಮೆರಾಗೆ ಬೀಳದವನ್ನೂ ಸೇರಿಸಿ ಒಟ್ಟು ಸಂಖ್ಯೆ ಅಂದಾಜು ಮಾಡುತ್ತಾರೆ.

2017ರ ವಿಟ್ಲಿ ಪ್ರಶಸ್ತಿ ಪಡೆದ ವಿಜ್ಞಾನಿ ಸಂಜಯ್ ಗುಬ್ಬಿ (ಹೌದು, ಹೆಸರಲ್ಲೇ ಗುಬ್ಬಿ!) ವರ್ಷಗಳಿಂದ ಚಿರತೆಗಳ ಬೆನ್ನುಬಿದ್ದವರು. ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಊರು-ಹೊಲಗಳ ನಡುವೆ ಚಿರತೆ ಉಳಿಯಲು ಬಂಡೆಗುಡ್ಡ ಬೇಕು, ತಿನ್ನಲು ಕಾಡುಪ್ರಾಣಿಗಳು ಬೇಕು. ದಾಖಲೆಯಲ್ಲಿ ಖರಾಬು ಅಂತ ಬರೆದ ಗುಡ್ಡ ಕಲ್ಲುಕ್ವಾರಿಗೆ ಹೋದರೆ ಚಿರತೆ ಎಲ್ಲಿಗೆ ಹೋಗಬೇಕು? ನಿಮ್ಮ ಕೊಟ್ಟಿಗೆಗೇ, ನನ್ನ ಪ್ರಕಾರ.

ಗುಬ್ಬಿ, ಕುಣಿಗಲ್ ಕಡೆಯವರೇ, ತೋಟದಲ್ಲಿ ಚಿರತೆ ಕಂಡರೆ ಮೊಬೈಲ್ ಹಿಡಿದು ಗುಂಪು ಕಟ್ಟಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.