ರೀಸೆಟ್ ಮಾಡಿದರೆ ಕಸ ಹೋಗುವುದಿಲ್ಲ

ಅಕ್ಕನ ಮಗಳು ಡಿಗ್ರಿಗೆ ಸೇರಿದಾಗ ಕೊಂಡ ಲ್ಯಾಪ್‌ಟಾಪ್ ಎರಡು ತಿಂಗಳಿಗೇ ಕುಂಟತೊಡಗಿತು. ಆನ್ ಮಾಡಿದ ಕೂಡಲೇ ಬಲಮೂಲೆಯಲ್ಲಿ ಆಂಟಿವೈರಸ್‌ನ ಕೆಂಪು ಚೌಕ ಬರುತ್ತಿತ್ತು: ಉಚಿತ ಅವಧಿ ಮುಗಿಯುತ್ತಿದೆ, ಹಣ ಕಟ್ಟಿ. ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು. ರಿಪೇರಿ ಅಂಗಡಿಯವರು ‘ಫ್ಯಾಕ್ಟರಿ ರೀಸೆಟ್’ ಮಾಡಿಕೊಟ್ಟರು. ಮನೆಗೆ ತಂದು ತೆರೆದರೆ ಅದೇ ಚೌಕ, ಅದೇ ಆಟಗಳು, ಅದೇ ಶಾಪಿಂಗ್ ಆ್ಯಪ್.

ರೀಸೆಟ್ ಎಂದರೆ ಶುದ್ಧಿ ಎಂದು ಬಹಳ ಜನ ನಂಬಿದ್ದಾರೆ. ಆದರೆ ಲ್ಯಾಪ್‌ಟಾಪ್ ಕಂಪನಿ ಡಿಸ್ಕಿನ ಒಂದು ಭಾಗದಲ್ಲಿ ತನ್ನದೇ ರಿಕವರಿ ಪ್ರತಿಯನ್ನು ಇಟ್ಟಿರುತ್ತದೆ. ಫ್ಯಾಕ್ಟರಿ ರೀಸೆಟ್ ಅದನ್ನೇ ತಂದು ಸುರಿಯುತ್ತದೆ. ಕಾರ್ಖಾನೆಯಿಂದ ಹೊರಟ ದಿನ ಏನೇನಿತ್ತೋ ಅಷ್ಟೂ ಮರಳುತ್ತದೆ. ಟ್ರಯಲ್ ಸಾಫ್ಟ್‌ವೇರ್ ಹಾಕಿ ಕೊಡಲು ಅವುಗಳ ತಯಾರಕರು ಲ್ಯಾಪ್‌ಟಾಪ್ ಕಂಪನಿಗಳಿಗೆ ಹಣ ಕೊಡುತ್ತಾರೆ, ಹಾಗಾಗಿ ಅವು ಅಲ್ಲಿರುತ್ತವೆ. ನಿಜವಾಗಿ ಖಾಲಿ ಮಾಡಬೇಕಾದರೆ ಮೈಕ್ರೋಸಾಫ್ಟ್‌ನ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ತುಂಬಿ, ಅದರಿಂದಲೇ ಬೂಟ್ ಮಾಡಿ, ಡಿಸ್ಕಿನ ಹಳೆ ಪಾರ್ಟಿಶನ್‌ಗಳನ್ನು ಅಳಿಸಿ ಹೊಸದಾಗಿ ಹಾಕಬೇಕು.

“ಮಾಮ, ಎಲ್ಲಾ ಅಳಿಸಿದ್ರೆ ಲೈಸೆನ್ಸ್ ಹೋಗಲ್ವಾ?” ಎಂದಳು ಅಕ್ಕನ ಮಗಳು. ಈ ಭಯವೇ ಜನರಿಗೆ ಹೆಚ್ಚು ನಷ್ಟ ಮಾಡಿರುವುದು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪ್‌ಗಳ ಪ್ರಾಡಕ್ಟ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಹಳೆಯ ಯಂತ್ರಗಳ ತಳಕ್ಕೆ ಅಂಟಿಸುತ್ತಿದ್ದ ಕೀ ಸ್ಟಿಕರ್ ಈಗ ಕಾಣದಿರುವುದು ಅದಕ್ಕೇ. ಡಿಸ್ಕ್ ಅಳಿಸಿದರೂ, ಬದಲಾಯಿಸಿದರೂ ಕೀ ಅಲ್ಲೇ ಇರುತ್ತದೆ. ಮದರ್‌ಬೋರ್ಡ್ ಬದಲಾದರೆ ಮಾತ್ರ ಬೇರೆ ಮಾತು. ಇನ್‌ಸ್ಟಾಲ್ ಮಾಡುವಾಗ ಸಾಮಾನ್ಯವಾಗಿ ಕೀ ಕೇಳುವುದೇ ಇಲ್ಲ, ಇಂಟರ್ನೆಟ್ ಸಿಕ್ಕೊಡನೆ ವಿಂಡೋಸ್ ತಾನೇ ಆಕ್ಟಿವೇಟ್ ಆಗುತ್ತದೆ. ಇದು ತಿಳಿಯದವರು ಅಂಗಡಿಯಲ್ಲಿ ‘ಫಾರ್ಮ್ಯಾಟ್’ ಮಾಡಿಸಿ, ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಂಡು ಬರುತ್ತಾರೆ. ಲ್ಯಾಪ್‌ಟಾಪಿನ ಬೆಲೆಯಲ್ಲೇ ವಿಂಡೋಸ್‌ಗೆ ಹಣ ಕೊಟ್ಟವರು, ಆಂಟಿವೈರಸ್ ಆಫ್ ಮಾಡಿ ಓಡಿಸಿದ ಆಕ್ಟಿವೇಟರ್ ಇರುವ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತಿರುತ್ತಾರೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಎಂದಿರುತ್ತದೆ. ಹೊಸದಾಗಿ ಹಾಕಿದಾಗಲೂ ಅದೇ ಎಡಿಷನ್ ಬರುತ್ತದೆ. ಹಾಗೆಂದರೆ ಕನ್ನಡ ಬರೆಯಲಾಗದು ಎಂದುಕೊಂಡವರಿದ್ದಾರೆ. ಮೆನು ತೋರಿಸುವ ಭಾಷೆ ಒಂದೇ ಎಂಬುದಷ್ಟೇ ಅದರ ಅರ್ಥ. ಕನ್ನಡ ಕೀಬೋರ್ಡನ್ನು ಸೆಟ್ಟಿಂಗ್ಸ್‌ನಲ್ಲಿ ಯಾವಾಗ ಬೇಕಾದರೂ ಸೇರಿಸಿಕೊಳ್ಳಬಹುದು.

ಡ್ರೈವರ್‌ಗಳೆಲ್ಲ ಹೋಗುತ್ತವೆ ಎಂಬ ಅಂಜಿಕೆಯೂ ಬೇಡ, ಬಹುಪಾಲು ವಿಂಡೋಸ್ ಅಪ್‌ಡೇಟ್‌ನಲ್ಲೇ ಬರುತ್ತವೆ. ವೈಫೈ ಕೆಲಸ ಮಾಡದಿದ್ದರೆ ಆಂಡ್ರಾಯ್ಡ್ ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರಾಯಿತು. ಇತ್ತೀಚಿನ ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಿಸುವುದಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರನ್ನು ಮೊದಲೇ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ‘ಲೋಡ್ ಡ್ರೈವರ್’ ಒತ್ತಿ ಅದನ್ನು ತೋರಿಸಿ.

ಹೀಗೆ ಹಾಕಿದ ಮೇಲೆ ಯಾವುದೂ ಮರಳಿ ಬಾರದು ಎನ್ನುವುದೂ ಪೂರ್ತಿ ನಿಜವಲ್ಲ. ಫರ್ಮ್‌ವೇರ್‌ನಲ್ಲಿಟ್ಟ ಪ್ರೋಗ್ರಾಮನ್ನು ಬೂಟ್ ಆಗುವಾಗ ಓಡಿಸುವ ಅವಕಾಶ ವಿಂಡೋಸ್‌ನಲ್ಲೇ ಇದೆ. ಲೆನೊವೊದ ಕೆಲವು ಮಾದರಿಗಳು ಹೊಸ ವಿಂಡೋಸ್ ಹಾಕಿದ ಮೇಲೂ ಕಂಪನಿಯ ಸಾಫ್ಟ್‌ವೇರನ್ನು ಹೀಗೆ ಮರಳಿ ತರುತ್ತಿದ್ದದ್ದು 2015ರಲ್ಲಿ ಬಯಲಾಯಿತು, ಕಂಪನಿ ಅದನ್ನು ತೆಗೆಯಲು ಬಯಾಸ್ ಅಪ್‌ಡೇಟ್ ಕೊಟ್ಟಿತು. ಮೈಕ್ರೋಸಾಫ್ಟ್ ಕೂಡ ಸ್ಟಾರ್ಟ್ ಮೆನುವಿನಲ್ಲಿ ಕೆಲವು ಆ್ಯಪ್‌ಗಳನ್ನು ತಾನಾಗಿ ಇಡುತ್ತದೆ. ಅವನ್ನು ಬಲಕ್ಲಿಕ್ ಮಾಡಿ ತೆಗೆಯಬಹುದು.

ಅಳಿಸುವ ಮುನ್ನ ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಲ್ಯಾಪ್‌ಟಾಪಿನ ಜೊತೆ ಆಫೀಸ್ ಬಂದಿದ್ದರೆ ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿಕೊಳ್ಳಿ, ಆಮೇಲೆ ಅಲ್ಲಿಂದಲೇ ಮತ್ತೆ ಇಳಿಸಿಕೊಳ್ಳಬಹುದು. ಅಕ್ಕನ ಹಳೆಯ ಕಡತಗಳು ನುಡಿ ತಂತ್ರಾಂಶದಲ್ಲಿದ್ದವು. ಆ ಫಾಂಟ್ ಇಲ್ಲದೆ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿ ಹಾಕಿದೆವು, ಅಕ್ಕನ ಪಾಠದ ಟಿಪ್ಪಣಿ ಮತ್ತೆ ಕನ್ನಡವಾಯಿತು.