ಮುಂದಿನ ಗಾಲಿಯಲ್ಲಿ ಒಂದು ಹನಿ

ಹೋದ ಮಳೆಗಾಲದ ಮಾತು. ಅಣ್ಣಿಗೇರಿಯಲ್ಲಿ ಬಂಧುಗಳ ಮನೆಯ ತೊಟ್ಟಿಲು ಕಾರ್ಯಕ್ಕೆಂದು ನಾನೂ ನನ್ನಾಕೆಯೂ ನವಲಗುಂದದಿಂದ ಹೊರಡುವ ಸನ್ನಾಹದಲ್ಲಿದ್ದೆವು. ಮೋಟಾರು ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ ಮುಂದಿನ ಗಾಲಿಯ ಬಳಿ ಕಲ್ಲಿನ ಮೇಲೆ ಒಂದು ಹನಿ ಬಿದ್ದಿತು. ನೋಡನೋಡುತ್ತಿದ್ದಂತೆ ಇನ್ನೊಂದು. ಬೆರಳಿಗೆ ಹಚ್ಚಿಕೊಂಡು ನೋಡಿದೆ, ಜಾರುತ್ತಿತ್ತು. “ಶಾಕಪ್ಸರಿನ ಎಣ್ಣೆ, ನಾಳೆ ತೋರಿಸಿದರಾಯಿತು” ಎಂದು ತೀರ್ಪುಕೊಟ್ಟು ಅರಿವೆಯಿಂದ ಒರೆಸಿಬಿಟ್ಟೆ. ಕನ್ನಡ ಪಾಠ ಹೇಳುವವನ ಯಂತ್ರಜ್ಞಾನ ಅದಕ್ಕಿಂತ ಆಳವಾಗಿ ಹೋಗುವುದೆಂತು?

ನನ್ನಾಕೆ ಮಾತ್ರ ಬಾಗಿ ನೋಡಿ, “ಎಣ್ಣಿ ಬಿದ್ದರ ಬಣ್ಣ ಯಾಕ ಏಳಬೇಕ್ರಿ?” ಎಂದು ಕೇಳಿದಳು. ನಿಜವೇ. ಹನಿ ಇಳಿದ ದಾರಿಯಲ್ಲಿ ಕರಿಯ ಬಣ್ಣ ಗುಳ್ಳೆಯೆದ್ದು ಸುಲಿಯುತ್ತಿತ್ತು. ಅಡುಗೆಮನೆಯ ಎಣ್ಣೆಯ ಡಬ್ಬಿಯ ಬಣ್ಣ ವರುಷಗಟ್ಟಲೆ ಹಾಗೇ ಇರುವುದನ್ನು ಕಂಡವಳು ಅವಳು. ಹಿಂದಿನ ದಿನವೇ ಬ್ರೇಕಿನ ಹಿಡಿಕೆ ಕೊಂಚ ಮೆತ್ತಗಾದಂತೆ ತೋರಿದ್ದು ಆಗ ನನಗೆ ನೆನಪಾಯಿತು. ಗಾಡಿಯನ್ನು ಏರದೆ, ನೂಕಿಕೊಂಡೇ ಗ್ಯಾರೇಜಿಗೆ ನಡೆದೆ.

ಅಲ್ಲಿಯ ಹಿರಿಯ ಮಿಸ್ತ್ರಿ ನನ್ನ ತೀರ್ಪನ್ನು ಶಾಂತವಾಗಿ ಕೇಳಿಕೊಂಡರು. ಬಟ್ಟಲಲ್ಲಿ ನೀರು ತರಿಸಿ, ಸೋರುತ್ತಿದ್ದ ದ್ರವದ ಎರಡು ಹನಿ ಅದರಲ್ಲಿ ಬಿಟ್ಟು ಕದಡಿದರು.

“ಎಣ್ಣಿ ಇದ್ದಿದ್ದರ ಮ್ಯಾಲೆ ತೇಲತಿತ್ರಿ ಸರ. ಇದು ನೀರಾಗ ಕೂಡೇ ಹೋತು ನೋಡ್ರಿ. ಶಾಕಪ್ಸರಿಂದಲ್ಲ, ಬ್ರೇಕಿಂದು.”

“ಹಂಗಾದರ ಅಣ್ಣಿಗೇರಿಗೆ ಹೋಗಿಬರಲಿಕ್ಕೆ ಆಗೂದಿಲ್ಲೇನು ಕಾಕಾ?”

“ಹೋಗಬಹುದ್ರಿ. ನಿಲ್ಲೂದು ಕಷ್ಟ.”

ಹೆಸರು ಮಾಡಿದ ಮೋಸ

ಪೇಟೆಯಲ್ಲಿ ಎಲ್ಲರೂ ಇದನ್ನು ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಆದರೆ ನಮ್ಮ ಸಾಮಾನ್ಯ ಗಾಡಿಗಳಲ್ಲಿ ಬಳಸುವ ಡಾಟ್ ೩, ಡಾಟ್ ೪ ಎಂಬ ದ್ರವಗಳು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯವು. ನೀರಿನಲ್ಲಿ ಬೆರೆಯುತ್ತವೆ, ಗಾಳಿಯ ತೇವವನ್ನು ಹೀರುತ್ತವೆ, ಬಣ್ಣವನ್ನು ತಿನ್ನುತ್ತವೆ.

ನಮ್ಮ ತಂದೆಯವರ ಕಾಲಕ್ಕೆ ಈ ಗೊಂದಲವಿರಲಿಲ್ಲ. ಅವರದು ಮೈಸೂರಿನಲ್ಲಿ ತಯಾರಾದ ಯೆಜ್ಡಿ. ೧೯೬೦ರಲ್ಲಿ ಸ್ಥಾಪಿತವಾಗಿ ೧೯೯೬ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಅದರ ಮುಂದಿನ ಬ್ರೇಕು ತಂತಿಯಿಂದ ಎಳೆಯುವ ಡ್ರಮ್ಮಿನದು. ಅಲ್ಲಿ ಸೋರಿದರೆ ಶಾಕಪ್ಸರಿನ ಎಣ್ಣೆಯೇ ಸೋರಬೇಕು. ಒಂದರೊಳಗೊಂದು ಜಾರುವ ಕೊಳವೆಗಳಲ್ಲಿ ಎಣ್ಣೆ ತುಂಬಿ ಕುಲುಕಾಟವನ್ನು ತಗ್ಗಿಸುವ ಈ ಏರ್ಪಾಟು ೧೯೩೫ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಆರ್ ೧೨ ಗಾಡಿಯೊಡನೆ ಬಳಕೆಗೆ ಬಂದಿತು. ಇಂದಿನ ಡಿಸ್ಕ್ ಬ್ರೇಕಿನಲ್ಲಾದರೋ ನಾವು ಹಿಡಿಕೆ ಒತ್ತಿದ ಬಲವನ್ನು ರಬ್ಬರಿನ ನಳಿಕೆಯೊಳಗಿನ ದ್ರವವೇ ಗಾಲಿಗೆ ಮುಟ್ಟಿಸಬೇಕು. ಹೀಗೆ ಗೇಣುದ್ದದ ಅಂತರದಲ್ಲಿ ಎರಡು ದ್ರವಗಳಿವೆ. ಒಂದು ಸೋರಿದರೆ ಮೊದಲು ಕೆಡುವುದು ಸವಾರಿಯ ಸುಖ. ಇನ್ನೊಂದು ಸೋರಿದರೆ ಗಾಡಿ ನಿಲ್ಲುವ ಭರವಸೆಯೇ ಇಲ್ಲ.

ಮೂಲ ಹುಡುಕುವ ಬಗೆ

ಹನಿ ಬಿದ್ದ ಜಾಗ ಸೋರಿದ ಜಾಗವಲ್ಲ ಎಂಬುದು ಮಿಸ್ತ್ರಿಯವರ ಮೊದಲ ಪಾಠ. ದ್ರವ ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಎಲ್ಲಕ್ಕಿಂತ ಮೇಲೆ ಒದ್ದೆಯಾದ ಸ್ಥಳ ಯಾವುದೆಂದು ಹುಡುಕಬೇಕು. ಎಲ್ಲವನ್ನೂ ಒರೆಸಿ ಒಣಗಿಸಿ, ಕೆಳಗೆ ಬಿಳಿಯ ಕಾಗದ ಹಾಸಿ, ಹ್ಯಾಂಡಲನ್ನು ಹತ್ತಾರು ಸಲ ಕೆಳಕ್ಕೆ ಅದುಮಿ ನೋಡಬೇಕು. ಹೊಳೆಯುವ ಕೊಳವೆಯ ಸುತ್ತ ಎಣ್ಣೆಯ ಉಂಗುರ ಮೂಡಿದರೆ ಶಾಕಪ್ಸರಿನ ಸೀಲು ಹೋಗಿದೆಯೆಂದು ತಿಳಿಯಬೇಕು.

ಬಳಿಕ ಬ್ರೇಕಿನ ಹಿಡಿಕೆಯನ್ನು ಬಿಗಿಯಾಗಿ ಒತ್ತಿಹಿಡಿಯಬೇಕು. ನಳಿಕೆಯ ಮೈ, ಅದರ ಎರಡು ತುದಿಯ ಬೆಸುಗೆಗಳು, ಕ್ಯಾಲಿಪರು, ಹ್ಯಾಂಡಲಿನ ಮೇಲಿನ ಪುಟ್ಟ ಡಬ್ಬಿ, ಇವುಗಳಲ್ಲಿ ಎಲ್ಲಿ ತೇವ ಕಂಡರೂ ಅದು ಬ್ರೇಕಿನದು. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸಂಶಯ ಪಡಬೇಕು. ಆದರೆ ಪ್ಯಾಡುಗಳು ಸವೆದಾಗಲೂ ಮಟ್ಟ ಇಳಿಯುವುದರಿಂದ ಅದೊಂದೇ ಸಾಕ್ಷಿ ಸಾಲದು. ಗಾಲಿಯ ನಡುವೆ ಅಚ್ಚಿನ ಬಳಿ ಗಟ್ಟಿ ಜಿಡ್ಡು ಕಂಡರೆ ಅದು ಬೇರಿಂಗಿನ ಗ್ರೀಸು. ಎಂಜಿನ್ನನ್ನು ದ್ರವದಿಂದ ತಣಿಸುವ ದುಬಾರಿ ಗಾಡಿಗಳಲ್ಲಿ ಹಸಿರೋ ಕೆಂಪೋ ಬಣ್ಣದ ನೀರು ಗಾಲಿಯ ಹಿಂದೆ ತೊಟ್ಟಿಕ್ಕಿದರೆ ಅದು ರೇಡಿಯೇಟರಿನದು.

ನನ್ನ ಗಾಡಿಯಲ್ಲಿ ನಳಿಕೆ ಕ್ಯಾಲಿಪರಿನ ಸಮೀಪ ಉಜ್ಜಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒರೆಸಿ ಹೊರಟಿದ್ದರೆ ಅದನ್ನು ಕಾಣುವ ಬಗೆಯೇ ಇರಲಿಲ್ಲ.

ಎರೆಯ ನಾಡಿನ ಗಾಡಿಗೆ

ನವಲಗುಂದ, ಅಣ್ಣಿಗೇರಿಗಳ ಎರೆಮಣ್ಣಿನ ಸ್ವಭಾವ ಈ ಭಾಗದವರಿಗೆ ಹೇಳಬೇಕಿಲ್ಲ. ಮಳೆಯಲ್ಲಿ ಹಿಡಿದರೆ ಬಿಡದು, ಬಿಸಿಲಲ್ಲಿ ಒಣಗಿದರೆ ಕಲ್ಲು. ಶಾಕಪ್ಸರಿನ ಕೊಳವೆಗೆ ಅಂಟಿ ಒಣಗಿದ ಈ ಮಣ್ಣು, ಗಾಡಿ ತಗ್ಗಿಗೆ ಇಳಿದಾಗಲೆಲ್ಲ ಸೀಲಿನ ರಬ್ಬರನ್ನು ಗೀರುತ್ತದೆ. ಹಸಿಯಿರುವಾಗಲೇ ನೀರು ಹೊಯ್ದು ತೊಳೆಯುವುದು ಲೇಸು. ಸೀಲಿಗೆ ನೇರವಾಗಿ ಜೋರು ಧಾರೆ ಬಿಡಬಾರದು. ಸೀಲಿನ ಅಂಚಿನಲ್ಲಿ ಬರಿಯ ಮಣ್ಣಿನ ಕಣ ಸಿಕ್ಕಿದ್ದರೆ ಹಳೆಯ ಫೋಟೋ ಫಿಲ್ಮಿನ ತುಂಡನ್ನು ಮೆಲ್ಲನೆ ತೂರಿಸಿ ಸುತ್ತ ಆಡಿಸಿದರೆ ಸೋರುವುದು ಎಷ್ಟೋ ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ಸೀಲು ಬದಲಿಸಬೇಕು. ಆ ಎಣ್ಣೆ ಡಿಸ್ಕಿನ ಮೇಲೆ ಇಳಿಯತೊಡಗಿತೋ, ಆಗ ಅದೂ ಬ್ರೇಕಿನ ಸೋರಿಕೆಯಷ್ಟೇ ಅಪಾಯದ್ದು.

ಇನ್ನು ಎರಡು ಮಾತು. ಬ್ರೇಕಿನ ಡಬ್ಬಿಗೆ ಅದರ ಮುಚ್ಚಳದ ಮೇಲೆ ಬರೆದ ದ್ರವವನ್ನಲ್ಲದೆ ಬೇರೆ ಯಾವ ಎಣ್ಣೆಯನ್ನೂ ಹಾಕಬಾರದು. ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಎಣ್ಣೆ ಹೀರಿದ ಪ್ಯಾಡುಗಳನ್ನು ಒರೆಸಿ ಮತ್ತೆ ಜೋಡಿಸುವ ಕಾರ್ಪಣ್ಯವೂ ಬೇಡ, ಹೊಸವನ್ನೇ ಹಾಕಿಸಬೇಕು.

ಆ ದಿನ ನಾವು ಅಣ್ಣಿಗೇರಿಗೆ ಬಸ್ಸಿನಲ್ಲಿ ಹೋದೆವು. ತಲುಪುವಷ್ಟರಲ್ಲಿ ಕೂಸಿಗೆ ಹೆಸರಿಟ್ಟಾಗಿತ್ತು, ಊಟವಂತೂ ತಪ್ಪಲಿಲ್ಲ. ಈಗ ರಾತ್ರಿ ಗಾಡಿ ನಿಲ್ಲಿಸುವಾಗ ಮುಂದಿನ ಗಾಲಿಯ ಕೆಳಗೆ ಹಳೆಯ ವೃತ್ತಪತ್ರಿಕೆಯೊಂದನ್ನು ಹಾಸುವುದು ನಮ್ಮ ಮನೆಯ ರೂಢಿ. ಬೆಳಿಗ್ಗೆ ಅದನ್ನು ಮೊದಲು ಓದುವವಳು ನನ್ನಾಕೆ.